18 ಬ್ರಿಕ್ಸ್ ಕಬ್ಬಿನ ಹಾಲು 70ಕ್ಕೆ ಬರಬೇಕಾದ್ರ ಎಷ್ಟು ನೀರು ಹೋಗಬೇಕು?

ಗಾಣದಮನಿ_ರಬಕವಿ

ಎಲ್ಲಾರಿಗೂ ನಮಸ್ಕಾರ್ರೀ. ಲೆಕ್ಕ ಒಂದ, ಉತ್ತರ ಎರಡ ಬರಾಕತ್ತಾವ. ಕಡಾಯಿಗೆ 500 ಲೀಟರ್ ಕಬ್ಬಿನ ಹಾಲು, ಬ್ರಿಕ್ಸ್ 18. ಮಾಡೂದು ಗಟ್ಟಿ ಬೆಲ್ಲ ಅಲ್ಲ, ಕಾಕವಿ (ಜೋನಿ ಬೆಲ್ಲ). ಅಂದ್ರ 70 ಬ್ರಿಕ್ಸ್‌ಗೆ ತರಬೇಕು. ಒಬ್ಬರ ಲೆಕ್ಕ: 70ರಾಗ 18 ಕಳದ್ರ 52, ಹಂಗಾರ ಶೇ. 52ರಷ್ಟು ನೀರು ಆರಿದ್ರ ಸಾಕು, 240 ಲೀಟರ್ ಉಳೀತೈತಿ. ಇನ್ನೊಬ್ಬರದು: 500ಕ್ಕ 18 ಗುಣಿಸಿ 70ರಿಂದ ಭಾಗಿಸಿದ್ರ 128 ಲೀಟರ್. ಕಡಾಯಿಯೊಳಗ ಖರೇ ಉಳಿಯೂದು ಈ ಎರಡಕ್ಕೂ ಕಡಿಮಿ. ಯಾವುದು ಹಿಡೀಬೇಕು? ಅದ್ದೂ ಕಡ್ಡಿ ಮ್ಯಾಲ ಗುರ್ತು ಹಾಕೂದೈತಿ.

ಬ್ರಿಕ್ಸ್_ಬೆಳಗಾವಿ

ಎರಡೂ ತಪ್ಪು. ಮೊದಲನೆಯದು ಪೂರ್ತಿ ತಪ್ಪು, ಎರಡನೆಯದು ಅರ್ಧ ತಪ್ಪು.

ಹೋಗುವ ನೀರಿನ ಬೆನ್ನು ಹತ್ತಬೇಡಿ, ಹೋಗದೆ ಉಳಿಯುವುದನ್ನು ಹಿಡಿಯಿರಿ. ಕುದಿಯುವಾಗ ಹೋಗುವುದು ನೀರು ಮಾತ್ರ. ಹಾಲಿನಲ್ಲಿ ಕರಗಿರುವ ಸಕ್ಕರೆ, ಲವಣ ಎಲ್ಲ ಕಡಾಯಿಯಲ್ಲೇ ಇರುತ್ತವೆ. ಬ್ರಿಕ್ಸ್ 18 ಎಂದರೆ 100 ಕೆಜಿ ಹಾಲಿನಲ್ಲಿ 18 ಕೆಜಿ ಕರಗಿದ ಪದಾರ್ಥ. ಕೆಜಿಯಲ್ಲಿ, ಲೀಟರಿನಲ್ಲಿ ಅಲ್ಲ. ಆದ್ದರಿಂದ ಮೊದಲ ಕೆಲಸ ಲೀಟರನ್ನು ಕೆಜಿ ಮಾಡುವುದು. 18 ಬ್ರಿಕ್ಸ್ ಹಾಲಿನ ಸಾಂದ್ರತೆ ಲೀಟರಿಗೆ ಸುಮಾರು 1.074 ಕೆಜಿ.

500 × 1.074 = 537 ಕೆಜಿ ಹಾಲು
537 × 0.18 = 96.7 ಕೆಜಿ ಘನಾಂಶ (ಇದು ಬದಲಾಗುವುದಿಲ್ಲ)
96.7 ÷ 0.70 = 138 ಕೆಜಿ ಕಾಕವಿ
537 − 138 = 399 ಕೆಜಿ ನೀರು ಹೋಗಬೇಕು

70 ಬ್ರಿಕ್ಸ್ ಕಾಕವಿಯ ಸಾಂದ್ರತೆ ಸುಮಾರು 1.347. 138ನ್ನು ಅದರಿಂದ ಭಾಗಿಸಿದರೆ 102.5 ಲೀಟರ್. ನಿಮ್ಮ ಕಡಾಯಿ ಹೇಳುತ್ತಿರುವುದೇ ಸರಿ.

ಶೇ. 52ರ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂದೂ ನೋಡಿ. 260 ಕೆಜಿ ನೀರು ಹೋದಾಗ ಉಳಿಯುವುದು 277 ಕೆಜಿ. 96.7ನ್ನು 277ರಿಂದ ಭಾಗಿಸಿದರೆ ಬರೀ 35 ಬ್ರಿಕ್ಸ್. ಅದನ್ನು ಡಬ್ಬಿಗೆ ತುಂಬಿಟ್ಟರೆ ಕೆಲವೇ ದಿನಗಳಲ್ಲಿ ಹುಳಿ ಬಂದು ಮುಚ್ಚಳ ಎತ್ತುತ್ತದೆ.

ಪಿಯುಸಿ_ಕೆಮಿಸ್ಟ್ರಿ

ಎರಡನೆಯ ಲೆಕ್ಕ ಅರ್ಧ ಸರಿ ಏಕೆಂದು ನಾನು ಹೇಳುತ್ತೇನೆ, ಬಾಗಲಕೋಟೆ ಕಡೆಯ ವಿದ್ಯಾರ್ಥಿಗಳೂ ಇಲ್ಲಿ ಓದುತ್ತಾರೆ. ಪಿಯುಸಿಯಲ್ಲಿ ಕಲಿಸುವ "ಮೊದಲಿನ ಸಾರತೆ × ಮೊದಲಿನ ಗಾತ್ರ = ಕೊನೆಯ ಸಾರತೆ × ಕೊನೆಯ ಗಾತ್ರ" ಸೂತ್ರದಲ್ಲಿ ದೋಷವಿಲ್ಲ. ಆದರೆ ಅಲ್ಲಿ ಸಾರತೆ ಎಂದರೆ ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ಅಥವಾ ಎಷ್ಟು ಮೋಲ್ ಎಂಬುದು. ಬ್ರಿಕ್ಸ್ ಎಂಬುದು ತೂಕಕ್ಕೆ ತೂಕದ ಶೇಕಡಾ. ತೂಕದ ಶೇಕಡಾವಾರನ್ನು ಲೀಟರಿಗೆ ಗುಣಿಸಿದ್ದರಿಂದ 128 ಬಂತು.

ಅದೇ ಸೂತ್ರಕ್ಕೆ ಸರಿಯಾದ ಅಳತೆ ಹಾಕಿ ನೋಡಿ. 18 ಬ್ರಿಕ್ಸ್ ಎಂದರೆ ಲೀಟರಿಗೆ 193 ಗ್ರಾಂ. 70 ಬ್ರಿಕ್ಸ್ ಎಂದರೆ ಲೀಟರಿಗೆ 700 ಅಲ್ಲ, 943 ಗ್ರಾಂ. 500 × 193 ÷ 943 = 102 ಲೀಟರ್. ಎರಡು ದಾರಿ, ಒಂದೇ ಊರು.

ತೆಳು ದ್ರಾವಣದಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಶೇ. 1ರ ಉಪ್ಪು ನೀರು ಶೇ. 2 ಆಗುವ ಲೆಕ್ಕದಲ್ಲಿ ಲೀಟರ್ ಹಿಡಿದರೂ ಕೆಜಿ ಹಿಡಿದರೂ ಹೆಚ್ಚು ಕಡಿಮೆ ಒಂದೇ. ಪಾಕ ಗಟ್ಟಿಯಾದಂತೆ ಬಾಯಿ ತೆರೆಯುತ್ತದೆ. ಇಲ್ಲಿ 102ರ ಜಾಗದಲ್ಲಿ 128, ಕಾಲು ಭಾಗ ಹೆಚ್ಚು.

ಗಾಣದಮನಿ_ರಬಕವಿ

ಇದು ತಿಳೀತ್ರಿ ಸರ್. ಇನ್ನೊಂದು. ಮೊದಲ ಎಷ್ಟ ಉರಿ ಹಾಕಿದ್ರೂ ಬ್ರಿಕ್ಸ್ ಏರೂದಿಲ್ಲ, ಕೊನಿಗೆ ಒಮ್ಮೆಲೇ ಓಡತೈತಿ. ಉರಿ ಹೆಚ್ಚ ಕಡಿಮಿ ಆಗೂದರಿಂದೋ, ಲೆಕ್ಕಾನ ಹಂಗೋ?

ಬ್ರಿಕ್ಸ್_ಬೆಳಗಾವಿ

ಉರಿಯ ತಪ್ಪಲ್ಲ, ಲೆಕ್ಕವೇ ಹಾಗೆ. ಅದೇ 537 ಕೆಜಿಗೆ ಪಟ್ಟಿ:

20 ಬ್ರಿಕ್ಸ್: ಉಳಿಯುವುದು 483 ಕೆಜಿ, ಹೋದ ನೀರು 54
30 ಬ್ರಿಕ್ಸ್: ಉಳಿಯುವುದು 322, ಹೋದದ್ದು 215
40 ಬ್ರಿಕ್ಸ್: ಉಳಿಯುವುದು 242, ಹೋದದ್ದು 295
50 ಬ್ರಿಕ್ಸ್: ಉಳಿಯುವುದು 193, ಹೋದದ್ದು 344
60 ಬ್ರಿಕ್ಸ್: ಉಳಿಯುವುದು 161, ಹೋದದ್ದು 376
70 ಬ್ರಿಕ್ಸ್: ಉಳಿಯುವುದು 138, ಹೋದದ್ದು 399
80 ಬ್ರಿಕ್ಸ್: ಉಳಿಯುವುದು 121, ಹೋದದ್ದು 416

20ರಿಂದ 30ಕ್ಕೆ ಹೋಗಲು 161 ಕೆಜಿ ನೀರು ಆರಬೇಕು. 60ರಿಂದ 70ಕ್ಕೆ 23 ಕೆಜಿ ಸಾಕು. 70ರಿಂದ 80ಕ್ಕೆ 17 ಕೆಜಿ. ಒಲೆ ಗಂಟೆಗೆ 100 ಕೆಜಿ ನೀರು ಆರಿಸುತ್ತದೆ ಎಂದು ಹಿಡಿದರೆ ಮೊದಲ ಹತ್ತು ಬ್ರಿಕ್ಸ್‌ಗೆ ಒಂದೂವರೆ ಗಂಟೆಗೂ ಹೆಚ್ಚು, ಕೊನೆಯ ಹತ್ತಕ್ಕೆ ಹತ್ತೇ ನಿಮಿಷ. ಕಾಕವಿ ಮಾಡುವವರು 60 ದಾಟಿದ ಕೂಡಲೇ ಒಲೆಗೆ ಸಿಪ್ಪೆ ಹಾಕುವುದನ್ನು ನಿಲ್ಲಿಸಬೇಕಾದದ್ದು ಇದಕ್ಕೇ. ಒಲೆಯಲ್ಲಿ ಉಳಿದ ಕೆಂಡವೇ ಬಾಕಿ 23 ಕೆಜಿಯ ದೊಡ್ಡ ಪಾಲನ್ನು ತೆಗೆದುಬಿಡುತ್ತದೆ.

ಬಾಯ್ಲಿಂಗ್_ಹೌಸ್

ಸಕ್ಕರೆ ಕಾರ್ಖಾನೆಯಲ್ಲೂ ಇದೇ ಸೂತ್ರ. ಹೋಗಬೇಕಾದ ನೀರು = ರಸದ ತೂಕ × (1 − ರಸದ ಬ್ರಿಕ್ಸ್ ÷ ಸಿರಪ್ ಬ್ರಿಕ್ಸ್). 15 ಬ್ರಿಕ್ಸ್ ರಸವನ್ನು 60ರ ಸಿರಪ್ ಮಾಡಬೇಕಾದರೆ 100 ಟನ್ನಿಗೆ 75 ಟನ್ ನೀರು. ಅದನ್ನು ನಾಲ್ಕು ಬಾಡಿಯ (ಸಾಲಾಗಿ ಜೋಡಿಸಿದ ನಾಲ್ಕು ಪಾತ್ರೆಗಳ) ಇವ್ಯಾಪೊರೇಟರಿನಲ್ಲಿ ತೆಗೆಯುತ್ತಾರೆ. ಒಂದರ ಆವಿ ಮುಂದಿನದನ್ನು ಕುದಿಸುವುದರಿಂದ 1 ಕೆಜಿ ಹಬೆಗೆ ಹತ್ತಿರ ಹತ್ತಿರ 4 ಕೆಜಿ ನೀರು ಹೋಗುತ್ತದೆ. ತೆರೆದ ಕಡಾಯಿಯಲ್ಲಿ ಆ ಆವಿಯೆಲ್ಲ ಸೂರಿನಿಂದ ಹೊರಗೆ.

ಹೊಸದಾಗಿ ಬಂದವರು ಎಡವುವ ಜಾಗ ಒಂದಿದೆ. ರಸದ ಬ್ರಿಕ್ಸ್ 15ರಿಂದ 14ಕ್ಕೆ ಇಳಿದರೆ "ಒಂದೇ ಬ್ರಿಕ್ಸ್ ಅಲ್ಲವೇ" ಎನ್ನುತ್ತಾರೆ. 15 ಟನ್ ಘನಾಂಶ ಅದೇ ಇರಲಿ. 14 ಬ್ರಿಕ್ಸ್‌ನಲ್ಲಿ ಅದು 107.1 ಟನ್ ರಸ, ಸಿರಪ್ ಮಾತ್ರ ಮೊದಲಿನಷ್ಟೇ 25 ಟನ್. ಆರಬೇಕಾದ ನೀರು 75ರ ಬದಲು 82.1 ಟನ್. ಒಂದು ಬ್ರಿಕ್ಸ್ ಕಡಿಮೆಯಾದದ್ದಕ್ಕೆ ಶೇ. 9.5ರಷ್ಟು ಹೆಚ್ಚು ಆವಿ. ಮಿಲ್ಲಿನಲ್ಲಿ ಸಿಪ್ಪೆಗೆ ಬಿಡುವ ನೀರು ಹೆಚ್ಚಾದರೆ ಬೇನೆ ಕಾಣುವುದು ಮಿಲ್ಲಿನಲ್ಲಲ್ಲ, ಬಾಯ್ಲರಿನಲ್ಲಿ.

ಗಾಣಕ್ಕೂ ಇದು ಅನ್ವಯ. ಆ 537 ಕೆಜಿ ಹಾಲನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 143 ಮೆಗಾಜೂಲ್ ಬೇಕು, 399 ಕೆಜಿ ನೀರನ್ನು ಆವಿ ಮಾಡಲು 900 (ಕೆಜಿಗೆ 2257 ಕಿಲೋಜೂಲ್). ಉರುವಲಿನ ಏಳರಲ್ಲಿ ಆರು ಪಾಲು ಆವಿಗೇ ಹೋಗುತ್ತದೆ. ಕಡಾಯಿ ತೊಳೆದ ನೀರು, ಸುಣ್ಣದ ನೀರು ಅಂತ 20 ಲೀಟರ್ ಸೇರಿಸಿದಿರೋ, ಅಷ್ಟನ್ನೂ ಮತ್ತೆ ನೀವೇ ಆರಿಸಬೇಕು.

ಗಾಣದಮನಿ_ರಬಕವಿ

ಸುಣ್ಣದ ನೀರು, ಬೆಂಡಿಗಿಡದ ಲೋಳಿ ಹಾಕೇ ಹಾಕತೀವ್ರಿ. ಮ್ಯಾಲ ಬರೂ ಹೊಲಸು ನೊರಿ ಸೋಸಿ ತಗೀತೀವಿ. ಅದರ ಕೂಡ ಸಕ್ಕರಿನೂ ಹೋಗತೈತಲ್ಲ, "ಘನಾಂಶ ಬದಲಾಗಾಂಗಿಲ್ಲ" ಅಂದದ್ದು ಹೆಂಗ ನಿಲ್ಲತೈತಿ?

ಬ್ರಿಕ್ಸ್_ಬೆಳಗಾವಿ

ಒಳ್ಳೆಯ ಕಡೆ ಹಿಡಿದಿರಿ. ನಿಲ್ಲುವುದಿಲ್ಲ, ಕಳೆಯಬೇಕು. ಸೋಸಿ ತೆಗೆದದ್ದನ್ನು ಬಕೆಟ್ಟಿನಲ್ಲಿ ತೂಗಿ. 15 ಕೆಜಿ ಬಂತು, ಅದರೊಳಗಿನ ಹಾಲು 20 ಬ್ರಿಕ್ಸ್ ಎಂದುಕೊಳ್ಳಿ. ಸುಮಾರು 3 ಕೆಜಿ ಘನಾಂಶ ಹೋಯಿತು. 96.7ರ ಬದಲು 93.7. ಅದನ್ನು 0.70ರಿಂದ ಭಾಗಿಸಿದರೆ 134 ಕೆಜಿ, 138 ಅಲ್ಲ. ಹೊಲಸು ತೆಗೆದ ಮೇಲೆ ಒಮ್ಮೆ ಬ್ರಿಕ್ಸ್ ಮತ್ತು ಮಟ್ಟ ಎರಡನ್ನೂ ನೋಡಿ, ಲೆಕ್ಕವನ್ನು ಅಲ್ಲಿಂದ ಹೊಸದಾಗಿ ಶುರು ಮಾಡುವುದೇ ಚಲೋ. ಹಿಂದಿನ ಅಂದಾಜಿನ ತಪ್ಪುಗಳೆಲ್ಲ ಅಲ್ಲಿಗೆ ಕೊಚ್ಚಿ ಹೋಗುತ್ತವೆ.

ಇನ್ನೊಂದು ಸಣ್ಣ ವಿಷಯ. ಹುಳಿ ಹೆಚ್ಚಿರುವ ಹಾಲನ್ನು ಬಹಳ ಹೊತ್ತು ಕುದಿಸಿದರೆ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರನ್ನು ನುಂಗಿ 360 ಗ್ರಾಂ ಆಗುತ್ತದೆ. ಒಡೆದ ಪಾಲಿನ ಮಟ್ಟಿಗೆ ಘನಾಂಶ ಶೇ. 5ರಷ್ಟು ಹೆಚ್ಚಿದಂತೆ. ಲೆಕ್ಕದಲ್ಲಿ ಇದು ಅಷ್ಟೇನೂ ಕಾಡುವುದಿಲ್ಲ, ಆದರೆ ಬೆಲ್ಲ ಮಾಡುವವರಿಗೆ ಪೆಂಟಿ (ಬೆಲ್ಲದ ಉಂಡೆ) ಗಟ್ಟಿ ಕೂಡದೆ ಕಾಡುತ್ತದೆ. ಕಾಕವಿಗೆ ಇದೇ ಬೇಕು. 20 ಡಿಗ್ರಿಯಲ್ಲಿ ಶುದ್ಧ ಸುಕ್ರೋಸ್ ಕರಗಿ ನಿಲ್ಲುವುದು ಶೇ. 67ರವರೆಗೆ ಮಾತ್ರ. 70ಕ್ಕೆ ತಂದ ಕಾಕವಿಯ ತಳದಲ್ಲಿ ಹರಳು ಕೂಡದಿರಲಿ ಎಂದೇ ಕೆಜಿಗೆ 400 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಹಾಕುವುದು. ನಿಮ್ಮ 138 ಕೆಜಿಗೆ 55 ಗ್ರಾಂ. ಹಾಕುವ ತೂಕ ಕಾಕವಿಯ ಮೇಲೆ, ಹಾಲಿನ ಮೇಲಲ್ಲ. 537ರ ಮೇಲೆ ಲೆಕ್ಕ ಹಾಕಿದರೆ ನಾಲ್ಕು ಪಟ್ಟು ಬೀಳುತ್ತದೆ.

ಒಣದ್ರಾಕ್ಷಿ_ತಿಕೋಟಾ

ಬ್ರಿಕ್ಸ್ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಮಾತು ಯಾರೂ ತೆಗೆದಿಲ್ಲ. ನಮ್ಮ ಕಡೆ ದ್ರಾಕ್ಷಿಗೆ ಇಟ್ಟುಕೊಳ್ಳುವ ಕೈ ಮೀಟರ್ 0ರಿಂದ 32ರದು. ಅದರಲ್ಲಿ ಕಾಕವಿ ಹೇಗೆ ನೋಡುತ್ತೀರಿ?

ಬ್ರಿಕ್ಸ್_ಬೆಳಗಾವಿ

ಎರಡು ದಾರಿ. ಜೇನಿಗೆ ಬರುವ 58ರಿಂದ 90ರ ಮೀಟರ್ ತರುವುದು. ಇಲ್ಲವೇ ತೆಳು ಮಾಡಿ ನೋಡುವುದು: 20 ಗ್ರಾಂ ಕಾಕವಿಗೆ 60 ಗ್ರಾಂ ನೀರು, ಬಂದ ಅಂಕಿಗೆ 4ರಿಂದ ಗುಣಿಸಿ. 17.5 ಬಂದರೆ 70. ಇಲ್ಲೂ ತೂಕವೇ, ಅಳತೆ ಲೋಟ ಅಲ್ಲ. ಒಂದು ಲೋಟ ಕಾಕವಿಗೆ ಮೂರು ಲೋಟ ನೀರು ಹಾಕಿದರೆ ಕಾಕವಿಯ ಪಾಲು ತೂಕದಲ್ಲಿ ಹೆಚ್ಚಾಗುತ್ತದೆ, 4ರಿಂದ ಗುಣಿಸಿದ ಅಂಕಿ 87ರ ಹತ್ತಿರ ಹೋಗಿ ಮೋಸ ಮಾಡುತ್ತದೆ. ತೆಳು ಮಾಡಿದಾಗ ಓದುವ ತಪ್ಪೂ ನಾಲ್ಕು ಪಟ್ಟು ಎಂಬುದು ನೆನಪಿರಲಿ. ಮೀಟರಿನಲ್ಲಿ 0.2 ಎಡವಿದರೆ ಉತ್ತರದಲ್ಲಿ 0.8.

ಬಿಸಿ ಪಾಕವನ್ನು ನೇರ ಗಾಜಿನ ಮೇಲೆ ಬಿಡಬೇಡಿ. ಆ ಒಂದು ಹನಿ ತಣ್ಣಗಾಗುವಷ್ಟರಲ್ಲಿ ಅದರ ನೀರೇ ಆರಿ ಬ್ರಿಕ್ಸ್ ಹೆಚ್ಚು ತೋರಿಸುತ್ತದೆ. ಈ ಚರ್ಚೆಯ ವಿಷಯವೇ ಒಂದು ಹನಿಯಲ್ಲಿ ನಡೆದುಹೋಗುತ್ತದೆ ನೋಡಿ. ಸಣ್ಣ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ನೀರಿನಲ್ಲಿಟ್ಟು ತಣ್ಣಗೆ ಮಾಡಿ. ತೆರೆಯುವ ಮೊದಲು ಅಲುಗಾಡಿಸಿ, ಮುಚ್ಚಳದ ಒಳಗೆ ಕೂತ ಹನಿಗಳೂ ಲೆಕ್ಕದ ನೀರೇ. ಮೀಟರ್ 20 ಡಿಗ್ರಿಗೆ ಹೊಂದಿಸಿದ್ದು. ತಾನೇ ಸರಿಪಡಿಸಿಕೊಳ್ಳುವ ಮಾದರಿಯಲ್ಲದಿದ್ದರೆ 30 ಡಿಗ್ರಿಯಲ್ಲಿ ಬಂದ ಅಂಕಿಗೆ 0.7ರಿಂದ 0.8 ಸೇರಿಸಿ.

ಬಾಯ್ಲಿಂಗ್_ಹೌಸ್

ಕಡಾಯಿಯ ಪಕ್ಕದಲ್ಲಿ ನಿಂತವನಿಗೆ ಮೀಟರಿಗಿಂತ ಥರ್ಮಾಮೀಟರ್ ಬೇಗ ಉತ್ತರ ಕೊಡುತ್ತದೆ. ಪಾಕ ಗಟ್ಟಿಯಾದಷ್ಟೂ ಕುದಿಯುವ ಬಿಂದು ಏರುತ್ತದೆ. ಬರೀ ನೀರಿಗಿಂತ ಎಷ್ಟು ಮೇಲೆ ಎಂಬುದರ ಅಂದಾಜು, ಶುದ್ಧ ಸಕ್ಕರೆಗೆ: 50 ಬ್ರಿಕ್ಸ್‌ಗೆ 2 ಡಿಗ್ರಿ, 60ಕ್ಕೆ 3, 70ಕ್ಕೆ 5.5, 80ಕ್ಕೆ 10ರ ಹತ್ತಿರ. ಕಬ್ಬಿನ ಹಾಲಿನಲ್ಲಿ ಲವಣ, ಗ್ಲುಕೋಸ್ ಇರುವುದರಿಂದ ಇದಕ್ಕಿಂತ ತುಸು ಹೆಚ್ಚೇ ಬರುತ್ತದೆ.

ಎಲ್ಲರೂ ಮರೆಯುವ ಮಾತು: ಪುಸ್ತಕದಲ್ಲಿ ಕಾಕವಿಗೆ 105–106, ಬೆಲ್ಲಕ್ಕೆ 118 ಡಿಗ್ರಿ ಎಂದಿರುವುದು ನೀರು 100ಕ್ಕೆ ಕುದಿಯುವ ಕಡೆಯ ಲೆಕ್ಕ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಮೇಲಿದೆ. 300 ಮೀಟರಿಗೆ ಹತ್ತಿರ ಹತ್ತಿರ 1 ಡಿಗ್ರಿ ಕಡಿಮೆ ಎಂದರೆ ಇಲ್ಲಿ ನೀರು ಕುದಿಯುವುದು 97.5ಕ್ಕೆ. ಬಾಗಲಕೋಟೆ ಕಡೆ 530 ಮೀಟರ್, 98ರ ಆಚೀಚೆ. ಬೆಳಗಾವಿಯಲ್ಲಿ 118 ಬರಲಿ ಎಂದು ಕಾದರೆ ಎರಡೂವರೆ ಡಿಗ್ರಿ ಹೆಚ್ಚು ಕಾಯಿಸಿದಂತೆ. ಆ ಹಂತದಲ್ಲಿ ಎರಡೂವರೆ ಡಿಗ್ರಿ ಅಂದರೆ ಬಣ್ಣ ಕಪ್ಪಾಗುವಷ್ಟು. ದಿನಾ ಬೆಳಿಗ್ಗೆ ಅದೇ ಥರ್ಮಾಮೀಟರನ್ನು ಕುದಿಯುವ ಬರೀ ನೀರಲ್ಲಿ ಅದ್ದಿ, ಬಂದ ಅಂಕಿಯ ಮೇಲೆ 18 ಎಣಿಸಿ. ಎತ್ತರದ ಲೆಕ್ಕವೂ ಥರ್ಮಾಮೀಟರಿನ ದೋಷವೂ ಒಟ್ಟಿಗೇ ತೀರುತ್ತವೆ. ಥರ್ಮಾಮೀಟರಿನ ಬುರುಡೆ ಕಡಾಯಿಯ ತಳಕ್ಕೆ ತಾಗಬಾರದು.

ಒಣದ್ರಾಕ್ಷಿ_ತಿಕೋಟಾ

ಈ ಲೆಕ್ಕ ನಮ್ಮ ಶೆಡ್ಡಿಗೂ ಹೊಂದುತ್ತದೆ. 22 ಬ್ರಿಕ್ಸ್ ದ್ರಾಕ್ಷಿ 100 ಕೆಜಿ, ಒಣದ್ರಾಕ್ಷಿಯ ತೇವ ಶೇ. 15. ಘನಾಂಶ 22, ಅದು ಈಗ 85 ಪಾಲು. 22 ÷ 0.85 = 25.9 ಕೆಜಿ. ಸಿಪ್ಪೆಯ ಘನಾಂಶ ಬ್ರಿಕ್ಸ್‌ನಲ್ಲಿ ಕಾಣುವುದಿಲ್ಲ, ಆದ್ದರಿಂದ ತೂಕ ಸ್ವಲ್ಪ ಹೆಚ್ಚೇ ಬಿದ್ದೀತು. ನಾಲ್ಕು ಕೆಜಿಗೆ ಒಂದು ಕೆಜಿ ಎನ್ನುವ ವಾಡಿಕೆ ಇದರಿಂದಲೇ. 18 ಬ್ರಿಕ್ಸ್‌ಗೇ ಕೊಯ್ದರೆ ಅದೇ 100 ಕೆಜಿಗೆ 21.2. ಅವಸರದ ಬೆಲೆ ಕ್ವಿಂಟಲಿಗೆ 4.7 ಕೆಜಿ ಮಣೂಕ (ಒಣದ್ರಾಕ್ಷಿ).

ತೇವದ ಶೇಕಡಾದಲ್ಲೂ ಕಳೆಯುವ ತಪ್ಪು ನಡೆಯುತ್ತದೆ. ಶೇ. 20 ತೇವದ 100 ಕೆಜಿ ಮಾಲನ್ನು 15ಕ್ಕೆ ಇಳಿಸಿದರೆ 5 ಕೆಜಿ ಹೋಗುತ್ತದೆ ಎನ್ನುತ್ತಾರೆ. 80 ÷ 0.85 = 94.1. ಹೋಗುವುದು 5.9.

ಆದರೆ ನನ್ನ ಪ್ರಶ್ನೆ ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಟಬ್ಬಿನದು. ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. 200 ಲೀಟರ್ ಟಬ್ಬು ಸಂಜೆಗೆ 170ಕ್ಕೆ ಇಳಿದಿರುತ್ತದೆ. ಕೆಲವರು ಬರೀ ನೀರು ತುಂಬುತ್ತಾರೆ, ಕೆಲವರು ಹೊಸ ದ್ರಾವಣ. ಯಾವುದು ಸರಿ?

ಪಿಯುಸಿ_ಕೆಮಿಸ್ಟ್ರಿ

ಆ 30 ಲೀಟರ್ ಎಲ್ಲಿ ಹೋಯಿತು ಎಂಬುದರ ಮೇಲಿದೆ. ಬಿಸಿಲಿಗೆ ಆರಿದ್ದು ಬರೀ ನೀರು, ಉಪ್ಪು ಟಬ್ಬಿನಲ್ಲೇ ಉಳಿಯುತ್ತದೆ. ಗೊನೆಗಳ ಮೈಗೆ ಹತ್ತಿ ಕ್ರೇಟಿನ ಜೊತೆ ಹೋದದ್ದು ದ್ರಾವಣ, ಉಪ್ಪನ್ನೂ ಒಯ್ಯುತ್ತದೆ, ಹಾಗಾಗಿ ಸಾರತೆ ಬದಲಾಗುವುದಿಲ್ಲ. ಆರಿದ ಪಾಲಿಗೆ ನೀರು, ಹೊತ್ತುಹೋದ ಪಾಲಿಗೆ ದ್ರಾವಣ ತುಂಬಬೇಕು.

ಬೇರ್ಪಡಿಸುವ ಉಪಾಯ ಸುಲಭ. ಅದೇ ದ್ರಾವಣವನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಬೋಗುಣಿಯಲ್ಲಿ ಟಬ್ಬಿನ ಪಕ್ಕ, ಅದೇ ಬಿಸಿಲಿಗೆ ಇಡಿ. ಟಬ್ಬಿನಲ್ಲಿ ಎಷ್ಟು ಮೇಲಿನವರೆಗೆ ತುಂಬಿದೆಯೋ ಇದರಲ್ಲೂ ಅಷ್ಟೇ ಇರಲಿ, ಇಲ್ಲವಾದರೆ ಅಂಚಿನ ನೆರಳು ಬಿದ್ದು ಕಡಿಮೆ ಆರುತ್ತದೆ. ಅದರಲ್ಲಿ ದ್ರಾಕ್ಷಿ ಅದ್ದಬೇಡಿ. ಸಂಜೆ ಎಷ್ಟು ಮಿಲಿಮೀಟರ್ ಇಳಿದಿದೆ ನೋಡಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಟಬ್ಬಿನ ಬಾಯಿಯ ವಿಸ್ತೀರ್ಣಕ್ಕೆ ಗುಣಿಸಿದರೆ ಆರಿದ ನೀರು ಸಿಕ್ಕಿತು.

ಆರಿದ್ದು 10, ಹೊತ್ತುಹೋದದ್ದು 20 ಎಂದುಕೊಳ್ಳೋಣ. ಎರಡೂ ಒಟ್ಟೊಟ್ಟಿಗೆ ನಡೆಯುವಾಗ ಸೂತ್ರ ಹೀಗಿದೆ:

ಹೊಸ ಸಾರತೆ = ಹಳೆಯದು × (ಹಳೆಯ ಗಾತ್ರ ÷ ಹೊಸ ಗಾತ್ರ)ದ ಘಾತ ಅ

ಇಲ್ಲಿ ಅ ಎಂದರೆ ಒಟ್ಟು ಇಳಿಕೆಯಲ್ಲಿ ಆವಿಯ ಪಾಲು, 10 ÷ 30 = 0.333. 200 ÷ 170 = 1.176, ಅದರ ಘಾತ 0.333 ಎಂದರೆ 1.056. 25 ಗ್ರಾಂ 26.4 ಆಯಿತು. ಅ ಒಂದಾದರೆ ಪೂರ್ತಿ ಆವಿ, ಮೊದಲಿನ ಸಾದಾ ಸೂತ್ರವೇ ಬರುತ್ತದೆ. ಸೊನ್ನೆಯಾದರೆ ಸಾರತೆ ಅಲುಗುವುದಿಲ್ಲ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಸಾಮಾನ್ಯವಾಗಿ ಘಾತದ ಗುಂಡಿ ಕಾಣುತ್ತದೆ.

170 ಲೀಟರಿನಲ್ಲಿ ಈಗ ಇರುವುದು 4.49 ಕೆಜಿ, 200ಕ್ಕೆ ಬೇಕಾದದ್ದು 5 ಕೆಜಿ. ಹಾಗಾದರೆ 510 ಗ್ರಾಂ ಕಾರ್ಬೊನೇಟ್, ಅದರಂತೆ ಆಯಿಲ್, ಒಟ್ಟು 30 ಲೀಟರ್ ಆಗುವಷ್ಟು ನೀರು. 30 ಲೀಟರ್ ಪೂರ್ತಿ ದ್ರಾವಣವನ್ನೇ ತುಂಬಿದರೆ 26.2 ಆಗುತ್ತದೆ. ಒಂದು ದಿನಕ್ಕೆ ಇದು ದೊಡ್ಡದಲ್ಲ. ಟಬ್ಬು ಖಾಲಿ ಮಾಡದೆ ದಿನದಿನವೂ ಹಾಗೇ ತುಂಬುತ್ತ ಹೋದರೆ ಏರುತ್ತಲೇ ಹೋಗುತ್ತದೆ. ಬರೀ ನೀರು ತುಂಬುವವರದು ಇದಕ್ಕಿಂತ ಕೆಟ್ಟದ್ದು, ಒಂದೇ ದಿನಕ್ಕೆ 22.4ಕ್ಕೆ ಬೀಳುತ್ತದೆ.

ಒಣದ್ರಾಕ್ಷಿ_ತಿಕೋಟಾ

ಪಿಎಚ್ ಪಟ್ಟಿ ಅದ್ದಿ ನೋಡಿದರೆ ಇಷ್ಟೆಲ್ಲ ಲೆಕ್ಕ ಬೇಕಾಗುವುದಿಲ್ಲ ಎನ್ನುವವರಿದ್ದಾರೆ.

ಪಿಯುಸಿ_ಕೆಮಿಸ್ಟ್ರಿ

ಪಿಎಚ್ 11ರ ಆಸುಪಾಸು ಇದೆಯೇ ಎಂದಷ್ಟೇ ಪಟ್ಟಿ ಹೇಳುತ್ತದೆ. ಕಾರ್ಬೊನೇಟ್ ದುಪ್ಪಟ್ಟಾದರೂ ಪಿಎಚ್ ಏರುವುದು 0.15ರಷ್ಟು, ಕಾಗದದ ಬಣ್ಣದಲ್ಲಿ ಅದು ಕಾಣದು. ಪಟ್ಟಿಯ ಉಪಯೋಗ ಬೇರೆ. ಒಡೆದ ಕಾಳಿನ ಹುಳಿ ರಸ ಬೆರೆತು ಕಾರ್ಬೊನೇಟನ್ನು ತಿಂದುಹಾಕುತ್ತದೆ, ಆಗ ಪಿಎಚ್ ಕೆಳಗಿಳಿಯುತ್ತದೆ. ಹಾಗೆ ಕಂಡರೆ ಲೆಕ್ಕ ಮಾಡುತ್ತ ಕೂಡದೆ ಟಬ್ಬು ಚೆಲ್ಲಿ ಹೊಸದು ಮಾಡಿ.

ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವ ಎಳೆಯುವ ಪದಾರ್ಥ. ಬಾಯಿ ತೆರೆದ ಚೀಲದ್ದು ಶೇ. 10 ನೀರು ಕುಡಿದಿದ್ದರೆ 5 ಕೆಜಿ ತೂಗಿದರೂ ಟಬ್ಬಿಗೆ ಬೀಳುವುದು ನಾಲ್ಕೂವರೆ.

ಎರಿಹೊಲ_ಬಬಲೇಶ್ವರ

ಘಾತದ ಸೂತ್ರ ಕೃಷಿ ಹೊಂಡಕ್ಕ ಹಚ್ಚಬಹುದೇನ್ರಿ ಸರ್? ಬೋರಿನ ನೀರು ಪ್ಲಾಸ್ಟಿಕ್ ಹಾಳಿ ಹಾಕಿದ ಹೊಂಡಕ್ಕ ತುಂಬತೀವಿ. ಮ್ಯಾಲ 20×20 ಮೀಟರ್, ಆಳ 3 ಮೀಟರ್, ಬದು 45 ಡಿಗ್ರಿ ಇಳಿಜಾರು. ತುಂಬಿದಾಗ ಇಸಿ (ನೀರಿನ್ಯಾಗ ಕರಗಿದ ಉಪ್ಪು ಎಷ್ಟಂತ ತೋರಸೂ ವಿದ್ಯುತ್ ವಾಹಕತೆ) 1.0. ನೀರು 2 ಮೀಟರಿಗೆ ಇಳದ್ರ ಇಸಿ 1.5 ಅಂತ ಹಿಡೀಲೇನು?

ಪಿಯುಸಿ_ಕೆಮಿಸ್ಟ್ರಿ

1.5 ಹಿಡಿಯಬೇಡಿ, ಎರಡು ಕಾರಣಕ್ಕೆ.

ಮೊದಲನೆಯದು, ಹೊಂಡ ಡಬ್ಬಿಯಲ್ಲ, ಬೋಗುಣಿ. ಮೇಲಿನ ಒಂದು ಮೀಟರಿನಲ್ಲಿ ಹೆಚ್ಚು ನೀರಿರುತ್ತದೆ. ಗಾತ್ರ = ಆಳ ÷ 6 × (ಮೇಲಿನ ವಿಸ್ತೀರ್ಣ + ನಡುವಿನದರ 4 ಪಟ್ಟು + ತಳದ್ದು). ತುಂಬಿದಾಗ ಮೇಲೆ 400, ನಡುವೆ 17×17 ಅಂದರೆ 289, ತಳ 14×14 ಅಂದರೆ 196 ಚದರ ಮೀಟರ್. 3 ÷ 6 × (400 + 1156 + 196) = 876 ಘನ ಮೀಟರ್. 2 ಮೀಟರಿಗೆ ಇಳಿದಾಗ 324, 256, 196. 2 ÷ 6 × (324 + 1024 + 196) = 515. ಎಲ್ಲವೂ ಆವಿಯಾಗಿಯೇ ಹೋಗಿದ್ದರೆ 876 ÷ 515 = 1.70. ಇಸಿ 1.7.

ಎರಡನೆಯದು, ನೀವು ಹೊಲಕ್ಕೆ ಬಿಟ್ಟ ನೀರು ಉಪ್ಪನ್ನೂ ಒಯ್ದಿದೆ. ಕಡಿಮೆಯಾದ 361ರಲ್ಲಿ 100 ಆವಿ, 261 ಹನಿ ನೀರಾವರಿಗೆ ಎಂದರೆ ಅ = 0.277. 1.70ರ ಘಾತ 0.277 ಎಂದರೆ 1.16. ಬೋರು ನಡೆಸಿ ನಡುನಡುವೆ ತುಂಬುತ್ತಿದ್ದರೆ ಒಂದೊಂದು ಸಲ ತುಂಬುವ ಮೊದಲು ಲೆಕ್ಕ ಮುಗಿಸಿ, ಬೆರೆತ ಮೇಲಿನ ಇಸಿಯಿಂದ ಮತ್ತೆ ಶುರು ಮಾಡಿ.

ಆವಿಯ ಅಂದಾಜಿಗೆ: ದಿನಕ್ಕೆ 8 ಮಿಲಿಮೀಟರ್ ಎಂದು ಹಿಡಿದರೆ ಸರಾಸರಿ 361 ಚದರ ಮೀಟರ್ ನೀರಿನ ಮೈಗೆ 2.9 ಘನ ಮೀಟರ್, ಅಂದರೆ 2,900 ಲೀಟರ್. ಹವಾಮಾನ ಕೇಂದ್ರದ ಆವಿ ತಟ್ಟೆಯ ಅಂಕಿ ಸಿಕ್ಕರೆ ಅದನ್ನು ನೇರ ಹಾಕದೆ 0.7ರಿಂದ ಗುಣಿಸಿ. ತಟ್ಟೆಯ ಲೋಹ ಬದಿಯಿಂದಲೂ ಕಾಯುತ್ತದೆ, ಹೊಂಡ ಹಾಗೆ ಕಾಯುವುದಿಲ್ಲ.

ಎರಿಹೊಲ_ಬಬಲೇಶ್ವರ

ಭಾಳ ಚಲೋ ಆತ್ರಿ. ಆದ್ರ ಮೀಟರ್ ಹಿಡದು ನೋಡಿದ್ರ ಲೆಕ್ಕಕ್ಕಿಂತ ಇಸಿ ಕಡಿಮಿ ಬರತೈತಿ. ಹಾಳಿ ಮ್ಯಾಗ, ಡ್ರಿಪ್ಪರ್ ಬಾಯಾಗ ಬಿಳಿ ಪುಡಿ ಕೂಡತೈತಿ.

ಬ್ರಿಕ್ಸ್_ಬೆಳಗಾವಿ

ಆ ಬಿಳಿ ಪುಡಿಯೇ ನಿಮ್ಮ ಕಡಿಮೆ ಬಿದ್ದ ಇಸಿ. ಗಡಸು ನೀರು ಆರುತ್ತ ಬಂದಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ನಿಲ್ಲಲಾರದೆ ಕೆಳಗೆ ಕೂಡುತ್ತದೆ. ಉಳಿಯುವುದು ಬದಲಾಗದು ಎನ್ನುವ ನಿಯಮ ಗಾಣದಲ್ಲಿ ನೊರೆಯ ಕೂಡ ಮುರಿಯಿತು, ಇಲ್ಲಿ ಪುಡಿಯಾಗಿ ಮುರಿಯುತ್ತದೆ. ನಿಜಕ್ಕೂ ಎಷ್ಟು ಪಟ್ಟು ಆರಿದೆ ಎಂದು ತಿಳಿಯಬೇಕಾದರೆ ಕ್ಲೋರೈಡ್ ಪರೀಕ್ಷೆ ಮಾಡಿಸಿ. ಅದು ನಮ್ಮ ಹೊಂಡಗಳ ನೀರಿನಲ್ಲಿ ಕೆಳಗೆ ಕೂಡುವುದಿಲ್ಲ. ತುಂಬಿದಾಗ 150 ಮಿಲಿಗ್ರಾಂ ಇದ್ದದ್ದು ಈಗ 240 ಇದ್ದರೆ 1.6 ಪಟ್ಟು, ಇಸಿ ಏನೇ ಹೇಳಲಿ.

ಇಸಿ ಕಡಿಮೆ ಬಂತೆಂದು ಸಮಾಧಾನ ಪಡುವಂತಿಲ್ಲ, ಎರೆ ಹೊಲದವರಂತೂ. ಬಿದ್ದುಹೋದದ್ದು ಕ್ಯಾಲ್ಸಿಯಂ, ಉಳಿದದ್ದು ಸೋಡಿಯಂ. ಏನೂ ಬೀಳದೆ ಬರೀ ಆರಿದರೂ ಸೋಡಿಯಂ ಹೀರಿಕೆ ಅನುಪಾತ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟು ಎಂಬ ಅಳತೆ) ವರ್ಗಮೂಲದಂತೆ ಏರುತ್ತದೆ: ನೀರು 1.7 ಪಟ್ಟು ಗಟ್ಟಿಯಾದರೆ ಅದು 1.3 ಪಟ್ಟು, 6 ಇದ್ದದ್ದು 7.8. ಕ್ಯಾಲ್ಸಿಯಂ ಬಿದ್ದರೆ ಇನ್ನೂ ಮೇಲೆ. ಎರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾದರೆ ಜೇಡಿ ಕಣ ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತದೆ, ನೀರು ಇಂಗುವುದಿಲ್ಲ. ಬೇಸಿಗೆ ಕೊನೆಯ ಹೊಂಡದ ನೀರನ್ನು ಬರೀ ಇಸಿ ನೋಡಿ ಬಿಡಬೇಡಿ.

ಬಾಯ್ಲಿಂಗ್_ಹೌಸ್

ಒಂದು ಸಣ್ಣ ಎಚ್ಚರಿಕೆ. ಕರಗಿದ ಪದಾರ್ಥವೇ ಹಾರಿಹೋಗುವಂಥದ್ದಾದರೆ ಮೇಲಿನ ಯಾವ ಸೂತ್ರವೂ ನಡೆಯುವುದಿಲ್ಲ. ಅಮೋನಿಯಾ ನೀರು ತೆರೆದಿಟ್ಟರೆ ತೆಳುವಾಗುತ್ತದೆ, ಬ್ಲೀಚಿಂಗ್ ಪೌಡರ್ ನೀರಿನ ಕ್ಲೋರಿನ್ ಇಲ್ಲವಾಗುತ್ತದೆ. ಬ್ಯಾಟರಿಯಲ್ಲಿ ಹೋಗುವುದು ನೀರು, ಆಮ್ಲ ಉಳಿಯುತ್ತದೆ. ಅಲ್ಲಿ ಡಿಸ್ಟಿಲ್ಡ್ ನೀರು ಮಾತ್ರ ತುಂಬಬೇಕು, ಆಮ್ಲ ಅಲ್ಲ.

ಗಾಣದಮನಿ_ರಬಕವಿ

ಹಂಗಾರ ಕಡ್ಡಿಗೆ ಗುರ್ತು ಹಾಕೂದು ಹಿಂಗ: 500ಕ್ಕ ಒಂದು, 30 ಬ್ರಿಕ್ಸ್‌ಗೆ ಒಂದು, 60ಕ್ಕ ಒಂದು, 102 ಲೀಟರಿಗೆ ಕೊನೀದು. ಕಡಾಯಿ ಮೂಲಿ ದುಂಡಗ ಐತಿ, ಸ್ಕೇಲ್ ಹಿಡದು ಭಾಗ ಮಾಡಿದ್ರ ನಡೀತೈತೇನ್ರಿ?

ಬ್ರಿಕ್ಸ್_ಬೆಳಗಾವಿ

ಸ್ಕೇಲ್ ಬೇಡ. ಖಾಲಿ ಕಡಾಯಿಯನ್ನು ಮಟ್ಟವಾಗಿ ಕೂಡಿಸಿ, ತೂಗಿ ನೋಡಿದ ಡಬ್ಬಿಯಿಂದ 10 ಲೀಟರಿನಂತೆ ನೀರು ಸುರಿಯುತ್ತ ಪ್ರತಿ ಸಲವೂ ಕಡ್ಡಿಗೆ ಗೀರು ಹಾಕಿ. ಕಡ್ಡಿಯನ್ನು ಯಾವಾಗಲೂ ಒಂದೇ ಜಾಗದಲ್ಲಿ, ನಡುಮಧ್ಯ, ನೆಟ್ಟಗೆ ನಿಲ್ಲಿಸಿ. 30 ಬ್ರಿಕ್ಸ್‌ನಲ್ಲಿ ಸಾಂದ್ರತೆ 1.127, 322 ಕೆಜಿ ಅಂದರೆ 286 ಲೀಟರ್. 60ರಲ್ಲಿ 1.286, 161 ಕೆಜಿ ಅಂದರೆ 125 ಲೀಟರ್.

ಈ ಅಂಕಿಗಳೆಲ್ಲ ತಣ್ಣನೆಯ ಪಾಕದವು. ಕುದಿಯುವಾಗ ಪಾಕ ಶೇ. 3ರಿಂದ 4ರಷ್ಟು ಹಿಗ್ಗಿರುತ್ತದೆ, ಆದ್ದರಿಂದ ಕೊನೆಯ ಗುರುತು 102ಕ್ಕಲ್ಲ, 106ಕ್ಕೆ. ನೊರೆ ಇಳಿಯದೆ ಕಡ್ಡಿ ಅದ್ದಬೇಡಿ, ಗುಳ್ಳೆಯೇ ಹತ್ತಿಪ್ಪತ್ತು ಲೀಟರ್ ತೋರಿಸುತ್ತದೆ. ಮುಂದಿನ ಸಲ ಹಾಲು 18 ಇರದೆ 20 ಬ್ರಿಕ್ಸ್ ಬಂದರೆ ಅದೇ ಗುರುತು ಸುಳ್ಳಾಗುತ್ತದೆ: 500 × 1.083 × 0.20 = 108.3 ಕೆಜಿ ಘನಾಂಶ, ಕಾಕವಿ 155 ಕೆಜಿ, ಬಿಸಿಯಲ್ಲಿ 119 ಲೀಟರ್. ಕಡ್ಡಿಯ ಒಂದು ಮೈಗೆ 18ರದು, ಇನ್ನೊಂದು ಮೈಗೆ 20ರದು ಬರೆದಿಟ್ಟುಕೊಳ್ಳಿ.

ಗಾಣದಮನಿ_ರಬಕವಿ

19 ಬಂದ್ರ?

ಬ್ರಿಕ್ಸ್_ಬೆಳಗಾವಿ

ಎರಡರ ನಡುವೆ, 112–113 ಲೀಟರ್. ಅಷ್ಟು ಹತ್ತಿರ ಬಂದ ಮೇಲೆ ಕಡ್ಡಿ ಬಿಟ್ಟು ಥರ್ಮಾಮೀಟರ್ ನೋಡಿ.